ದೀಪ, ಗಡಿಗೆ ಮತ್ತು ಒಂದು ಕುರ್ಚಿ

ಓದುಗರ ಪತ್ರ: "ಟೂರ್‌ನಲ್ಲಿ ಶ್ರೀಲಂಕಾ ನೋಡಿ ಬಂದೆ. ಚಿಕ್ಕದಾದರೂ ಚೊಕ್ಕ ದೇಶ. ಆದರೆ ಅಲ್ಲಿನ ಅಧ್ಯಕ್ಷರ ಅಧಿಕಾರವನ್ನು ಒಂದು ಸರ್ಕಾರ ಕತ್ತರಿಸುತ್ತದೆ, ಇನ್ನೊಂದು ಹೊಲಿಯುತ್ತದೆ. ಒಬ್ಬ ಗಟ್ಟಿ ಮನುಷ್ಯನ ಕೈಗೆ ಎಲ್ಲಾ ಕೊಟ್ಟು ಇಪ್ಪತ್ತು ವರ್ಷ ಸುಮ್ನೆ ಬಿಟ್ಟಿದ್ದರೆ ಅದೂ ಸಿಂಗಾಪುರ ಆಗುತ್ತಿತ್ತು. ಸಂಸತ್ತು ಅಂದರೆ ಮೀನು ಮಾರ್ಕೆಟ್ಟು. ನಮಗೂ ಅಂಥವರೊಬ್ಬರು ಬೇಕು, ಅಲ್ವಾ?"
(ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ)

ಸಂಪಾದಕರ ಉತ್ತರ: ಇನ್‌ಲ್ಯಾಂಡ್ ಲೆಟರ್‌ನಲ್ಲಿ, ಇಂಕ್ ಪೆನ್ನಿನಲ್ಲಿ ಬರೆದಿದ್ದೀರಿ. ಅಕ್ಷರ ಮುತ್ತಿನ ಹಾಗಿದೆ. ನಮ್ಮ ಕಚೇರಿಯ ಹುಡುಗರಿಗೆಲ್ಲ ತೋರಿಸಿದೆ. ಹೊಗಳಿಕೆ ಇಷ್ಟಕ್ಕೆ ಸಾಕು.

ನಿಮ್ಮ ಮಾತು ಪೂರ್ತಿ ಪೊಳ್ಳು ಅಂತ ನಾನು ಹೇಳುವುದಿಲ್ಲ. ಲಂಕೆಯ ನಾಯಕ ಜೆ.ಆರ್. ಜಯವರ್ಧನೆ 1966ರಲ್ಲೇ ಇದನ್ನು ಹೇಳಿದ್ದರು. ಸಂಸದರ ಮರ್ಜಿಗೆ ಕಾಯದೆ, ಗಟ್ಟಿ ನಿರ್ಧಾರ ತೆಗೆದುಕೊಳ್ಳುವ ನಾಯಕ ಬೇಕು, ಅವನನ್ನು ಜನರೇ ನೇರವಾಗಿ ಆರಿಸಲಿ ಎಂಬುದು ಅವರ ವಾದ. ಸರ್ಕಾರಗಳು ಇಸ್ಪೀಟು ಎಲೆಯ ಹಾಗೆ ಬೀಳುವುದನ್ನು ನೋಡಿದವರಿಗೆ ಅದು ಹಿತವಾಗಿಯೇ ಕೇಳಿಸುತ್ತದೆ.

ಆದರೆ ಸಿಂಗಾಪುರದ ಉದಾಹರಣೆ ಕೊಟ್ಟು ನೀವೇ ಸಿಕ್ಕಿಬಿದ್ದಿರಿ ಸಾರ್. ಆ ದೇಶ ಕಟ್ಟಿದ ಲೀ ಕ್ವಾನ್ ಯೂ ಅಲ್ಲಿ ಅಧ್ಯಕ್ಷರಾಗಿರಲಿಲ್ಲ. 1959ರಿಂದ 1990ರವರೆಗೆ ಪ್ರಧಾನಿಯಾಗಿದ್ದರು, ಸಂಸತ್ತಿನಲ್ಲೇ ಕೂತಿದ್ದರು. ಅಧ್ಯಕ್ಷರನ್ನು ಜನರೇ ಆರಿಸಬೇಕೆಂದು 1991ರಲ್ಲಿ ತಿದ್ದುಪಡಿ ಆಯಿತು ನಿಜ. ಅದು ಯಾಕೆ? ದೇಶ ಕೂಡಿಟ್ಟ ದುಡ್ಡಿನ ಪೆಟ್ಟಿಗೆಗೆ ಎರಡನೇ ಬೀಗದ ಕೈ ಅವರ ಹತ್ತಿರ ಇರಲಿ ಅಂತ. ಸರ್ಕಾರ ಕೈ ಹಾಕಲು ಬಂದರೆ ಬೇಡ ಅನ್ನಲು. ಹಾಗೆ ಆರಿಸಿ ಬಂದ ಮೊದಲ ಅಧ್ಯಕ್ಷ ಓಂಗ್ ಟೆಂಗ್ ಚೋಂಗ್ ಆಸ್ತಿಯ ಲೆಕ್ಕ ಕೇಳಿದರೆ, ಅದನ್ನು ತೆಗೆಯಲು 56 ಮಾನವ-ವರ್ಷ, ಅಂದರೆ ಒಬ್ಬನೇ ಕೂತರೆ 56 ವರ್ಷ, ಬೇಕು ಎಂಬ ಉತ್ತರ ಬಂತಂತೆ! ಬ್ಯಾಂಕಿನವರು ನೀವು, ಇದರ ರುಚಿ ನಿಮಗೇ ಜಾಸ್ತಿ ಗೊತ್ತಾಗಬೇಕು.

ಈಗ ಲಂಕೆಗೆ ಬರೋಣ. 1972ರಲ್ಲಿ ಅದು ಗಣರಾಜ್ಯ ಆದಾಗ ಅಧ್ಯಕ್ಷ ವಿಲಿಯಂ ಗೋಪಲ್ಲವ ಹೆಸರಿಗಷ್ಟೇ ದೊಡ್ಡವರು. ಆಡಳಿತವೆಲ್ಲ ಪ್ರಧಾನಿ ಸಿರಿಮಾವೊ ಕೈಯಲ್ಲಿ. 1977ರ ಚುನಾವಣೆಯಲ್ಲಿ ಜಯವರ್ಧನೆ ಪಕ್ಷ 168ರಲ್ಲಿ 140 ಸ್ಥಾನ ಬಾಚಿಕೊಂಡಿತು. ಆರು ತಿಂಗಳು ಪ್ರಧಾನಿಯಾಗಿದ್ದು, ಸಂವಿಧಾನ ತಿದ್ದಿ, 1978ರ ಫೆಬ್ರವರಿ 4ರಂದು ಅವರೇ ಅಧ್ಯಕ್ಷರಾದರು. ದೇಶಕ್ಕೆ ಮುಖ್ಯಸ್ಥ, ಸರ್ಕಾರಕ್ಕೆ ಮುಖ್ಯಸ್ಥ, ಸೇನೆಗೂ ಮುಖ್ಯಸ್ಥ. ಅವರ ಮೇಲೆ ಕೋರ್ಟಿನಲ್ಲಿ ಕೇಸು ಹಾಕುವಂತಿಲ್ಲ. ನೀವು ಕೇಳಿದ ಗಟ್ಟಿ ಮನುಷ್ಯ ಅಂದರೆ ಇವರೇ.

ಆ ಗಟ್ಟಿ ಮನುಷ್ಯ ಮಾಡಿದ್ದೇನು? ತಮ್ಮದೇ ಪಕ್ಷದ ಸಂಸದರಿಂದ ತಾರೀಖು ಹಾಕದ ರಾಜೀನಾಮೆ ಪತ್ರ ಬರೆಸಿ ಇಟ್ಟುಕೊಂಡರು. ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಂಡ ಹಾಗೆ. ಸಂಸತ್ತಿನ ಅವಧಿ ಮುಗಿಯುತ್ತಾ ಬಂದಾಗ, ಚುನಾವಣೆ ನಡೆಸಿದರೆ ಅಷ್ಟು ಸ್ಥಾನ ಮತ್ತೆ ಸಿಗುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ 1982ರ ಡಿಸೆಂಬರ್ 22ರಂದು ಜನಮತ ಕೇಳಿದರು. ಇದೇ ಸಂಸತ್ತು ಇನ್ನೂ ಆರು ವರ್ಷ ಇರಲಿ ಅನ್ನುವವರು ದೀಪದ ಗುರುತಿಗೆ ಒತ್ತಬೇಕು, ಬೇಡ ಅನ್ನುವವರು ಗಡಿಗೆಗೆ. ಮನೆಗೆ ದೀಪ ಬೇಡ ಅಂತ ಯಾರು ತಾನೇ ಹೇಳುತ್ತಾರೆ ಹೇಳಿ. ದೀಪಕ್ಕೆ ಶೇ. 54ಕ್ಕೂ ಹೆಚ್ಚು ಮತ ಬಿತ್ತು. ಮೀನು ಮಾರ್ಕೆಟ್ಟಿನ ವ್ಯಾಪಾರಿಗಳನ್ನೆಲ್ಲ ಒಬ್ಬನೇ ಗುತ್ತಿಗೆಗೆ ಹಿಡಿದ.

ಆಮೇಲೆ ಬಂದವರಲ್ಲಿ ಹಲವರು ಅಧ್ಯಕ್ಷರ ಆ ಕುರ್ಚಿಯನ್ನು ಸುಡುತ್ತೇವೆ ಅಂತಲೇ ಬಂದರು. ಚಂದ್ರಿಕಾ ಕುಮಾರತುಂಗ 1994ರಲ್ಲಿ ಹಾಗೆ ಹೇಳಿ ಗೆದ್ದು, ದಿಂಬು ಹಾಕಿಕೊಂಡು ಹನ್ನೊಂದು ವರ್ಷ ಅದರಲ್ಲೇ ಕೂತರು. 2024ರಲ್ಲಿ ಗೆದ್ದ ಅನುರ ಕುಮಾರ ದಿಸ್ಸನಾಯಕೆ ಅವರೂ ಅದೇ ಮಾತು ಕೊಟ್ಟು ಬಂದವರೇ.

ನೀವು ಹೇಳಿದ ಕತ್ತರಿಸಿ ಹೊಲಿಯುವ ಕೆಲಸ ನಿಜ. 2001ರಲ್ಲಿ ಕತ್ತರಿಸಿದರು, 2010ರಲ್ಲಿ ಹೊಲಿದರು, 2015ರಲ್ಲಿ ಕತ್ತರಿ, 2020ರಲ್ಲಿ ಮತ್ತೆ ಸೂಜಿ, 2022ರಲ್ಲಿ ಅರ್ಧ ಕತ್ತರಿ. ಒಂದೇ ಒಂದು ಅಳತೆ ನೋಡಿ. ಚುನಾವಣೆ ಆಗಿ ಎಷ್ಟು ದಿನಕ್ಕೆ ಅಧ್ಯಕ್ಷರು ತಮ್ಮಿಷ್ಟದಂತೆ ಸಂಸತ್ತನ್ನು ವಿಸರ್ಜಿಸಬಹುದು? 1978ರಲ್ಲಿ ಒಂದು ವರ್ಷಕ್ಕೆ, 2015ರಲ್ಲಿ ನಾಲ್ಕೂವರೆ ವರ್ಷಕ್ಕೆ, 2020ರಲ್ಲಿ ಎರಡೂವರೆಗೆ. 2010ರಲ್ಲಿ ಅಧ್ಯಕ್ಷರು ಎಷ್ಟು ಸಲ ಬೇಕಾದರೂ ನಿಲ್ಲಬಹುದು ಅಂತ 161 ಜನ ಕೈ ಎತ್ತಿದ್ದರು. ಅದೇ ಸಂಸತ್ತು 2015ರಲ್ಲಿ 200ಕ್ಕೂ ಹೆಚ್ಚು ಮತದಿಂದ, ಇಲ್ಲ, ಎರಡೇ ಸಲ ಅಂದಿತು. ಇದಕ್ಕಾಗಿ ಮೀನು ಮಾರ್ಕೆಟ್ಟು ಎಂಬ ನಿಮ್ಮ ಮಾತಿಗೆ ಒಂದು ಅಂಕ ಕೊಟ್ಟೆ.

ಆದರೆ ಆ ಮಾರ್ಕೆಟ್ಟೇ ದೇಶವನ್ನು ಕಾಯ್ದ ದಿನವೂ ಇದೆ. 2018ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಸಿರಿಸೇನ ಪ್ರಧಾನಿಯನ್ನು ರಾತ್ರೋರಾತ್ರಿ ತೆಗೆದು ಮಹಿಂದ ರಾಜಪಕ್ಸ ಅವರನ್ನು ಕೂರಿಸಿದರು, ಆಮೇಲೆ ಸಂಸತ್ತನ್ನೇ ವಿಸರ್ಜಿಸಿದರು. ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನವೆಂಬರ್ 16ರಂದು ಸದನ ಸೇರಿದರೆ ಸ್ಪೀಕರ್ ಕುರ್ಚಿ ರಾಜಪಕ್ಸ ಬೆಂಬಲಿಗರ ವಶ. ಸ್ಪೀಕರ್ ಕರು ಜಯಸೂರ್ಯ ಪೊಲೀಸರ ನಡುವೆ ಬಂದರು. ಪುಸ್ತಕ ಹಾರಿತು, ಕುರ್ಚಿ ಹಾರಿತು, ಮೆಣಸಿನಪುಡಿ ಕಲಸಿದ ನೀರನ್ನು ಮುಖಕ್ಕೆ ಎರಚಿದರು. ಅಷ್ಟರ ನಡುವೆಯೂ ಸ್ಪೀಕರ್ ರಾಜಪಕ್ಸ ವಿರುದ್ಧದ ಅವಿಶ್ವಾಸವನ್ನು ಮತಕ್ಕೆ ಹಾಕಿದರು. ಡಿಸೆಂಬರ್ 13ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ವಿಸರ್ಜನೆ ತಪ್ಪು ಅಂದರು. ಕಣ್ಣು ಉರಿದರೂ ಸರಿ, ನನಗೆ ಆ ಮಾರ್ಕೆಟ್ಟೇ ಇರಲಿ.

ಎರಡು ವರ್ಷ ಕಳೆಯುವಷ್ಟರಲ್ಲಿ ಮುಂದಿನ ಅಧ್ಯಕ್ಷ, ಮಹಿಂದರ ತಮ್ಮ ಗೋಟಬಯ ಆ ಅಧಿಕಾರವನ್ನು ಬಹುಪಾಲು ವಾಪಸ್ ಪಡೆದರು. 2021ರಲ್ಲಿ ರಾಸಾಯನಿಕ ಗೊಬ್ಬರ ಬಂದ್ ಅಂತ ಒಂದೇ ಆದೇಶ. ಭತ್ತದವರು, ಟೀ ತೋಟದವರು ಬಾಯಿ ಬಡಿದುಕೊಂಡರೂ ತಡೆಯುವವರು ಯಾರು? ತಿಂಗಳುಗಟ್ಟಲೆ ಆದ ಮೇಲೆ ಆದೇಶ ವಾಪಸ್ ಬಂತು. ಆ ವರ್ಷದ ಬೆಳೆ ವಾಪಸ್ ಬರಲಿಲ್ಲ.

ನಮ್ಮ ಬಡಾವಣೆಯ ಸಂಘದಲ್ಲೂ ಇದೇ ಕಥೆ. ಒಬ್ಬ ಅಧ್ಯಕ್ಷರಿದ್ದರು, ದೇವರಂಥ ಮನುಷ್ಯ. ಕೆಲಸ ಬೇಗ ಆಗಲಿ ಅಂತ ಚೆಕ್ಕಿಗೆ ಅವರೊಬ್ಬರದೇ ಸಹಿ ಸಾಕು ಎಂದು ಬೈಲಾ ತಿದ್ದಿದೆವು. ನಾನೂ ಕೈ ಎತ್ತಿದೆ. ಅವರು ಮಗನ ಮನೆಗೆ ಹೋದರು, ಬೈಲಾ ಇಲ್ಲೇ ಉಳಿಯಿತು. ಮುಂದೆ ಬಂದವರು ಬೋರ್‌ವೆಲ್ ಕೊರೆಸಿದ ಬಿಲ್ ತೋರಿಸಿದರು. ಬೋರ್‌ವೆಲ್ಲನ್ನು ನಾವು ಇನ್ನೂ ಹುಡುಕುತ್ತಿದ್ದೇವೆ.

ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಇದೇ ತಕ್ಕಡಿ ಹಿಡಿದಿದ್ದರು. ಸ್ಥಿರತೆಗಿಂತ ಹೊಣೆಗಾರಿಕೆಗೆ ನಮ್ಮ ಕರಡು ಜಾಸ್ತಿ ತೂಕ ಕೊಟ್ಟಿದೆ ಅಂದರು. ಆ ಭಾಷಣ ಪುಕ್ಕಟೆ ಸಿಗುತ್ತದೆ, ಓದುವವರಿಲ್ಲ. ಯಾರೋ ಕಳಿಸಿದ ವಾಟ್ಸಾಪ್ ಮಾತನ್ನು ಮುತ್ತಿನ ಅಕ್ಷರದಲ್ಲಿ ಇಳಿಸಿ ನಮಗೆ ಪೋಸ್ಟ್ ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಗೈಡ್ ಕೊಲಂಬೊದ ಗಾಲ್ ಫೇಸ್ ಬಯಲು ತೋರಿಸಿರಬೇಕು, ಕಡಲ ಪಕ್ಕದಲ್ಲೇ ಇದೆ. ಜಯವರ್ಧನೆ 1978ರಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಅಲ್ಲಿ. 2022ರ ಏಪ್ರಿಲ್‌ನಲ್ಲಿ 'ಗೋಟಾ ಗೋ ಗಮ' ಎಂದು ಜನ ಗುಡಾರ ಹಾಕಿದ್ದೂ ಅಲ್ಲೇ. ಸಿಂಹಳದ ಗಮ ಅಂದರೆ ನಮ್ಮ ಗ್ರಾಮ. ಜುಲೈ ಹೊತ್ತಿಗೆ ಅಧ್ಯಕ್ಷರು ದೇಶ ಬಿಟ್ಟು, ಸಿಂಗಾಪುರದಿಂದ ಇಮೇಲ್‌ನಲ್ಲಿ ರಾಜೀನಾಮೆ ಕಳಿಸಿದರು. ಹೌದು, ನಿಮ್ಮ ಸಿಂಗಾಪುರದಿಂದಲೇ. ಆ ಗುಡಾರಗಳ ಊರಿನಲ್ಲಿ ಒಂದು ಲೈಬ್ರರಿಯನ್ನೂ ಮಾಡಿಕೊಂಡಿದ್ದರು.