ಸೈಟಿನಲ್ಲಿ ರಾಗಿ ಬೇಡ, ಸೊಪ್ಪು ಬೆಳೆಯಿರಿ

ಚಿತ್ರದುರ್ಗದಲ್ಲಿ ಮನೆ ಪಕ್ಕ 30×40 ಖಾಲಿ ಸೈಟಿದೆ, ಮನೆಯಲ್ಲಿ ನಾಲ್ಕು ಜನ, ಕೈಯಲ್ಲಿ ದುಡ್ಡು ಕಡಿಮೆ, ಊಟಕ್ಕೆ ಬೇಕಾದ್ದೆಲ್ಲ ನಾವೇ ಬೆಳೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ನಾನೂ ಇದೇ ಊರಿನವನು, ಮನೆ ಹಿಂದೆ ಹೆಚ್ಚುಕಮ್ಮಿ ಅಷ್ಟೇ ಜಾಗದಲ್ಲಿ ಬೆಳೆಯುತ್ತೇನೆ. ಎಲ್ಲವೂ ಆಗಲ್ಲ. ಆದರೆ ಸಾರು, ಪಲ್ಯದ ಖರ್ಚು ಚೆನ್ನಾಗಿ ಇಳಿಯುತ್ತದೆ.

ಲೆಕ್ಕ ನೋಡಿ. ನಿಮ್ಮ ಸೈಟು 1200 ಚದರ ಅಡಿ. ಅಂದರೆ ಒಂದು ಗುಂಟೆ, ಮೇಲೆ ಚೂರು. ಮಳೆ ನಂಬಿದ ಹೊಲದಲ್ಲಿ ಎಕರೆಗೆ 8 ಕ್ವಿಂಟಲ್ ರಾಗಿ ಬಂತು ಅಂತಿಟ್ಟುಕೊಳ್ಳಿ. 40 ಗುಂಟೆಗೆ ಹಂಚಿದರೆ ಗುಂಟೆಗೆ 20 ಕೆಜಿ. ದಿನಾ ಮುದ್ದೆ ಉಣ್ಣುವ ಮನೆಗೆ ಅದು ಒಂದು ತಿಂಗಳು ಬಂದರೆ ಹೆಚ್ಚು. ಅದಕ್ಕೋಸ್ಕರ ನಾಲ್ಕು ತಿಂಗಳು ಜಾಗ ಕಟ್ಟಿಹಾಕೋದು ಯಾಕೆ? ರಾಗಿಯನ್ನು ಸುಗ್ಗಿ ಹೊತ್ತಿನಲ್ಲಿ ಪರಿಚಯದ ರೈತರಿಂದ ಮೂಟೆಗಟ್ಟಲೆ ಕೊಳ್ಳಿ. ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡಲ್ಲ. ಅಕ್ಕಿಗೆ ದಾವಣಗೆರೆ, ಹರಿಹರದ ಕಡೆ ಭದ್ರಾ ನಾಲೆ ರೈತರಿದ್ದಾರೆ. ಹುರುಳಿಯೂ ಅಷ್ಟೇ, ಒಮ್ಮೆಗೇ ತಂದು ಬೂದಿ ಕಲಸಿ ಇಟ್ಟುಬಿಡಿ.

ಸೈಟಿನಲ್ಲಿ ಬೆಳೆಯಬೇಕಾದ್ದು ದಿನಾ ಬೇಕಾಗುವ, ತಂದ ಮರುದಿನ ಬಾಡುವ ವಸ್ತು. ಕೊತ್ತಂಬರಿ, ಮೆಂತ್ಯ, ದಂಟು, ಪಾಲಕ್, ಹಸಿಮೆಣಸು, ಬದನೆ. ಬೇಲಿಗೆ ಹೀರೆ, ಸೋರೆ, ಚಪ್ಪರದವರೆ ಹಬ್ಬಿಸಿ. ಮೂಲೆಗೊಂದು ಕರಿಬೇವು. ಟೊಮೆಟೊ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ರೋಗ ಬಹಳ. ಅದು ಅಗ್ಗವಾದಾಗ ಕೊಂಡರೇ ಲಾಭ.

ಎಲ್ಲಕ್ಕಿಂತ ಮೊದಲು ನುಗ್ಗೆ ನೆಡಿ. ಇಷ್ಟು ಕಡಿಮೆ ನೀರಿಗೆ ಸೊಪ್ಪು, ಹೂವು, ಕಾಯಿ ಮೂರನ್ನೂ ಕೊಡುವ ಗಿಡ ನಮ್ಮ ಸೀಮೆಯಲ್ಲಿ ನಾನು ಬೇರೆ ಕಂಡಿಲ್ಲ. ಬೀಜ ಹಾಕಿದರೂ ಬರುತ್ತದೆ, ಕೊಂಬೆ ನೆಟ್ಟರೂ ಬರುತ್ತದೆ. ಎದೆಮಟ್ಟ ಬಂದಾಗ ಕುಡಿ ಚಿವುಟಿ, ಇಲ್ಲದಿದ್ದರೆ ತೆಂಗಿನ ಮರದ ಹಾಗೆ ನೆಟ್ಟಗೆ ಹೋಗಿ ಸೊಪ್ಪು ಕೈಗೇ ಸಿಗಲ್ಲ. ಮಳೆಗಾಲದಲ್ಲಿ ಕಾಂಡ ನೋಡುತ್ತಿರಿ. ಕಂಬಳಿ ಹುಳಗಳು ಹಗಲು ಕಾಂಡದ ಮೇಲೆ ಗುಂಪಾಗಿ ಅಲ್ಲಾಡದೆ ಅಂಟಿಕೊಂಡಿರುತ್ತವೆ, ರಾತ್ರಿ ಮೇಲೇರಿ ಎಲೆ ಮೇಯುತ್ತವೆ. ಕೋಲಿಗೆ ಹಳೇ ಬಟ್ಟೆ ಸುತ್ತಿ ಬೆಂಕಿ ಹಚ್ಚಿ ಹಗಲಲ್ಲೇ ಸುಟ್ಟುಬಿಡಿ. ಕೈಯಲ್ಲಿ ಮಾತ್ರ ಮುಟ್ಟಬೇಡಿ, ಮೈಯೆಲ್ಲ ಕೆರೆತ.

ನೀರಿಗೆ ಅಂತ ಬೋರ್ ಕೊರೆಸಲು ಹೋಗಬೇಡಿ. ಇಷ್ಟು ಜಾಗಕ್ಕೆ ಆ ಸಾಲ ಯಾವ ಜನ್ಮಕ್ಕೂ ತೀರಲ್ಲ. ಸಾವಿರ ಚದರ ಅಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್ ಹತ್ತಿರ ನೀರು. ಪೈಪ್ ತಿರುಗಿಸಿ ಡ್ರಮ್ಮಿಗೆ ಬಿಡಿ. ಬಚ್ಚಲ ನೀರು ನುಗ್ಗೆಗೆ, ಬಾಳೆಗೆ ಸಾಕು, ಸೊಪ್ಪಿನ ಮಡಿಗೆ ಬೇಡ. ಅಕ್ಕಿ, ಬೇಳೆ ತೊಳೆದ ನೀರು ಮಡಿಗೆ. ಬುಡಕ್ಕೆ ಒಣ ಎಲೆ, ಕಡಲೆಕಾಯಿ ಸಿಪ್ಪೆ ಹೊದಿಸಿ. ಚಳ್ಳಕೆರೆ ಕಡೆ ನೆಂಟರಿದ್ದರೆ ಚೀಲಗಟ್ಟಲೆ ಸಿಪ್ಪೆ ಸಿಗಬಹುದು, ಸುಮ್ನೆ ಕೇಳಿ ನೋಡಿ.

ಇನ್ನು ದುಡ್ಡೇ ಇಲ್ಲದೆ ಸಿಗೋದು ಬೆರಕೆ ಸೊಪ್ಪು. ಎರಡು ಹದ ಮಳೆಯಾದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ, ಗಣಿಕೆ, ಗೋಣಿ, ಕಿರಕಸಾಲೆ ಎಲ್ಲ ತಾವೇ ಹುಟ್ಟುತ್ತವೆ. ನಾಲ್ಕೈದು ಬಗೆ ಕೂಡಿಸಿ ಬಸ್ಸಾರು ಮಾಡಿದರೆ ಅದರ ರುಚಿ ಅಂಗಡಿ ಪಾಲಕ್‌ಗೆಲ್ಲಿ ಬರಬೇಕು! ಆದರೆ ಗುರುತು ಹಿಡಿಯೋದನ್ನು ಫೋಟೋ ನೋಡಿ ಕಲಿಯಬೇಡಿ, ಕಳೆ ಕೀಳುವ ಅಜ್ಜಿಯೊಬ್ಬರ ಹಿಂದೆ ಹೋಗಿ. ಗೋಣಿ ಸೊಪ್ಪಿನದೇ ನೋಡಿ. ಎಲೆ ದಪ್ಪ, ಕಾಂಡ ನುಣುಪು, ಕೆಂಪು, ನೆಲಕ್ಕಂಟಿ ಹರಡುತ್ತದೆ. ಪಕ್ಕದಲ್ಲೇ ಅದೇ ಥರ ಹರಡುವ ಇನ್ನೊಂದು ಕಳೆ ಇರುತ್ತದೆ. ಮುರಿದು ನೋಡಿ, ಬಿಳಿ ಹಾಲು ಒಸರಿದರೆ ಅದು ಗೋಣಿ ಅಲ್ಲ, ಬಿಸಾಡಿ. ಗಣಿಕೆಯ ಹಸಿರು ಕಾಯಿ ತಿನ್ನಬೇಡಿ, ಹಣ್ಣಾದ ಮೇಲೆ ಸರಿ. ಕಿಡ್ನಿ ಕಲ್ಲಿನ ತೊಂದರೆ ಇದ್ದವರಿಗೆ ಗೋಣಿ ಬೇಡವೇ ಬೇಡ.

ಹೊಲದವರನ್ನು ಕೇಳಿಯೇ ಕೀಳಿ. ಮರ್ಯಾದೆಗಷ್ಟೇ ಅಲ್ಲ, ಕಳೆನಾಶಕ ಹೊಡೆದಿದ್ದಾರಾ ಅಂತ ಗೊತ್ತಾಗಬೇಕಲ್ವಾ. ಚರಂಡಿ ಪಕ್ಕ ಹೊನಗೊನೆ ಎಷ್ಟೇ ಸೊಂಪಾಗಿದ್ದರೂ ಬಿಡಿ. ಜೋಗಿಮಟ್ಟಿ ಕಡೆ ಸೀತಾಫಲ ಕಂಡಿತು ಅಂತ ಕಾಡಿಗೆ ನುಗ್ಗಬೇಡಿ, ಅದು ವನ್ಯಧಾಮ. ರಸ್ತೆ ಬದಿಯ ಹುಣಸೆ ಮರಗಳೂ ಎಷ್ಟೋ ಕಡೆ ಹರಾಜಾಗಿರುತ್ತವೆ.

ಬೀಜ, ಸಸಿ ವಿಚಾರಿಸಲು ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರ ಬಬ್ಬೂರು ಫಾರಂ ಇದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ನಿಮ್ಮ ಸೈಟಿನ ಮಣ್ಣು ಕೆಂಪೋ ಕಪ್ಪೋ ಬರೆದಿಲ್ಲ. ಕಪ್ಪಾದರೆ ನುಗ್ಗೆಯನ್ನು ಗುಂಡಿಯಲ್ಲಿ ನೆಡಬೇಡಿ, ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ನೀರು ನಿಂತರೆ ಬೇರು ಕೊಳೆಯುತ್ತದೆ.