ತಮ್ಮನನ್ನು ಅರೆಸ್ಟ್ ಮಾಡಿದ್ದಾರೆ, ಮುಂದೆ ಏನಾಗುತ್ತದೆ?

ಅಕ್ಕ, ಹೊಡೆದಾಟದ ಕೇಸಿನಲ್ಲಿ ನಿನ್ನೆ ರಾತ್ರಿ ತಮ್ಮನನ್ನು ಅರೆಸ್ಟ್ ಮಾಡಿದರು, ಜೈಲಿಗೆ ಹಾಕಿದರೆ ಒಳಗೆ ಹೇಗಿರುತ್ತದೆ ಎಂದು ಕೇಳಿದ್ದೀರಿ. 2019ರಲ್ಲಿ ಹೊಲದ ಬದುವಿನ ಜಗಳದಲ್ಲಿ ನನ್ನನ್ನೂ ಹಿಡಿದಿದ್ದರು. ಜಿಲ್ಲಾ ಕಾರಾಗೃಹದಲ್ಲಿ 11 ದಿನ ಇದ್ದೆ.

ಮೊದಲು, ಹಿಡಿದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ಅಲ್ಲಿಂದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ದಾರಿಯ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ರಜೆ ದಿನವಾದರೂ ಹಾಜರುಪಡಿಸದೆ ಇರುವ ಹಾಗಿಲ್ಲ. 2024ರ ಜುಲೈನಿಂದ ಹೊಸ ಕಾಯ್ದೆ ಬಂದಿದೆ, ಆದರೆ ಈ ನಿಯಮ ಹಾಗೇ ಇದೆ. ಠಾಣೆಗೆ ವಕೀಲರ ಜೊತೆ ಹೋಗಿ, ಯಾವ ಸೆಕ್ಷನ್ ಹಾಕಿದ್ದಾರೆ ಕೇಳಿ. ಜಾಮೀನು ಸಿಗುವಂಥ ಸಣ್ಣ ಸೆಕ್ಷನ್ ಆದರೆ ಠಾಣೆಯಲ್ಲೇ ಬಿಡುತ್ತಾರೆ, ಜೈಲಿನ ಮಾತೇ ಬರುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವ ಯಾರಿಗೇ ಆದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಆದಾಯ ಎಷ್ಟೆಂದು ನೋಡುವುದಿಲ್ಲ.

ಕೋರ್ಟಿಗೆ ಮುಂಚೆ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸುತ್ತಾರೆ. ಮೈಮೇಲೆ ಗಾಯವಿದ್ದರೆ ಅವನು ಅಲ್ಲೇ ಡಾಕ್ಟರಿಗೆ ತೋರಿಸಬೇಕು. "ಪೊಲೀಸರು ಹೊಡೆದರಾ?" ಎಂದು ಮ್ಯಾಜಿಸ್ಟ್ರೇಟ್ ನನ್ನನ್ನು ಕೇಳಿದ್ದರು. ಕೈ ಊದಿಕೊಂಡಿತ್ತು. ಆದರೂ ಹಿಂದೆ ನಿಂತಿದ್ದವರ ಭಯಕ್ಕೆ "ಇಲ್ಲ ಸ್ವಾಮಿ" ಅಂದುಬಿಟ್ಟೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ನಿಮ್ಮ ತಮ್ಮನಿಗೆ ಹೇಳಿ, ಆದದ್ದನ್ನು ಆದ ಹಾಗೇ ಹೇಳಲಿ. ಅಲ್ಲಿ ಹೇಳಿದ್ದು ದಾಖಲೆಗೆ ಹೋಗುತ್ತದೆ.

ಮ್ಯಾಜಿಸ್ಟ್ರೇಟ್ "ನ್ಯಾಯಾಂಗ ಬಂಧನ" ಎಂದು ಆದೇಶ ಮಾಡಿದರೆ ಜೈಲಿಗೆ ಕಳಿಸುತ್ತಾರೆ. ಗೇಟಿನಲ್ಲಿ ಮೈಯೆಲ್ಲ ತಡಕಿ, ಮಚ್ಚೆಗಳನ್ನೂ ಬರೆದುಕೊಂಡು, ಫೋನು, ದುಡ್ಡು, ಬೆಲ್ಟು ತೆಗೆದಿಡುತ್ತಾರೆ. ಬಟ್ಟೆ ನಮ್ಮದೇ. ಸಂಜೆ ತಲೆ ಎಣಿಸಿ ಬ್ಯಾರಕ್ ಬೀಗ ಹಾಕಿದರೆ ಬೆಳಿಗ್ಗೆಯೇ ತೆಗೆಯುವುದು. ಊಟ ಹೇಗೋ ಹೊಂದಿಕೊಳ್ಳುತ್ತದೆ. ಮೊದಲ ರಾತ್ರಿಯದೇ ಕಷ್ಟ. ನಾನು ಗೋಡೆಗೆ ಒರಗಿ ಕೂತೇ ಇದ್ದೆ. ಪಕ್ಕದಲ್ಲಿದ್ದ ಅಜ್ಜ ಏನೂ ಕೇಳದೆ ತನ್ನ ಕಂಬಳಿಯ ಅರ್ಧವನ್ನು ನನ್ನ ಕಡೆ ಎಳೆದ. ಒಳಗೆ ಒಳ್ಳೆಯವರೂ ಇರುತ್ತಾರೆ ಅಕ್ಕ. ಆದರೆ ಕೇಸಿನ ವಿಷಯ ಯಾರ ಹತ್ತಿರವೂ ಜಾಸ್ತಿ ಬಾಯಿ ಬಿಡಬಾರದು. ದಿನಾ ಮಾತ್ರೆ ನುಂಗುವವನಾದರೆ ಡಾಕ್ಟರ ಚೀಟಿ ತಲುಪಿಸಿ.

ಇನ್ನೊಂದು ಮುಖ್ಯ ವಿಷಯ. ನನಗೆ ಜಾಮೀನು ಆದದ್ದು 8ನೇ ದಿನ. ಹೊರಗೆ ಬಂದದ್ದು 11ನೇ ದಿನ. ಜಾಮೀನುದಾರರ ಪಹಣಿ ಸರಿಯಿರಲಿಲ್ಲ, ಆಮೇಲೆ ಬಿಡುಗಡೆ ಆದೇಶ ಜೈಲು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು, ಬಿಟ್ಟದ್ದು ಮಾರನೇ ಬೆಳಿಗ್ಗೆ. ಆ ಮೂರು ದಿನ ಸುಮ್ನೆ ಹೋದವು. ಜಾಮೀನು ಆಗಲಿ ಎಂದು ಕಾಯಬೇಡಿ. ಯಾರು ಜಾಮೀನು ನಿಲ್ಲುತ್ತಾರೆ ಎಂದು ಇವತ್ತೇ ಕೇಳಿ, ಪಹಣಿ, ಆಧಾರ್, ಫೋಟೊ ತೆಗೆದಿಟ್ಟು ವಕೀಲರಿಗೆ ತೋರಿಸಿ.

ಇವತ್ತೇ ಅವನನ್ನು ಕೋರ್ಟಿಗೆ ತರಬೇಕು, ಅಲ್ವಾ? ಬೇಗ ಹೋಗಿ, ಅವನಿಗೆ ಕಾಣುವ ಕಡೆ ನಿಂತಿರಿ. ನನ್ನನ್ನು ವ್ಯಾನಿನಿಂದ ಇಳಿಸಿದಾಗ ನಮ್ಮಣ್ಣ ಬೇವಿನ ಮರದ ಕೆಳಗೆ ನಿಂತಿದ್ದ. ಮಾತಾಡಲು ಬಿಡಲಿಲ್ಲ, ಆದರೂ ಅವನ ಮುಖ ನೋಡಿದ ಮೇಲೆ ನನ್ನ ಕಾಲು ನಡುಗುವುದು ನಿಂತಿತು.