ರಾತ್ರಿ ಕಾಡುವ ಬೆನ್ನು

ಪ್ರಶ್ನೆ: ಮಗನಿಗೆ 14 ವರ್ಷ. ಬೆನ್ನು ಒಂದು ಕಡೆ ವಾಲಿದೆ. ರಾತ್ರಿ ನೋವು ಜಾಸ್ತಿ. ನೋವಿನ ಮಾತ್ರೆ ಐಬುಪ್ರೊಫೆನ್ ಕೊಟ್ಟರೆ ನಿದ್ದೆ ಬರುತ್ತದೆ. ಎಕ್ಸ್‌ರೇಯಲ್ಲಿ ಬಾಗು ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೆಲ್ಟ್ ಸಾಕೇ?

ಉತ್ತರ: ಬೆಲ್ಟ್ ಮಾತು ಆಮೇಲೆ. ಈ ವಯಸ್ಸಿನಲ್ಲಿ ಸುಮ್ನೆ ಬಾಗುವ ಬೆನ್ನು ಸಾಮಾನ್ಯವಾಗಿ ಹೀಗೆ ನಿದ್ದೆ ಕೆಡಿಸುವುದಿಲ್ಲ. ರಾತ್ರಿ ಹೆಚ್ಚುವ ನೋವು ಆ ಮಾತ್ರೆಗೆ ತಗ್ಗುತ್ತದೆ ಎಂದು ಓದಿ ನನಗೆ ಅನುಮಾನ ಬಂದದ್ದು ಆಸ್ಟಿಯಾಯ್ಡ್ ಆಸ್ಟಿಯೋಮಾ ಮೇಲೆ. ಸಣ್ಣ ಮೂಳೆ ಗಡ್ಡೆ, ಹೆಚ್ಚಾಗಿ 2 ಸೆಂಟಿಮೀಟರ್ ಒಳಗೇ. ಕ್ಯಾನ್ಸರ್ ಅಲ್ಲ. ನೋವಿಗೆ ಪಕ್ಕದ ಸ್ನಾಯು ಬಿಗಿದು ಬೆನ್ನನ್ನು ಎಳೆಯುತ್ತದೆ. ಗಡ್ಡೆ ಸಾಮಾನ್ಯವಾಗಿ ಬಾಗಿನ ಒಳಮಗ್ಗುಲಲ್ಲೇ ಇರುತ್ತದೆ. ಎಕ್ಸ್‌ರೇಗೆ ಕಣ್ತಪ್ಪಿಸುವುದು ಇದರ ಚಾಳಿ. ಸಿಟಿ ಸ್ಕ್ಯಾನ್‌ನಲ್ಲಿ ಸಿಕ್ಕಿಬೀಳುತ್ತದೆ. ಬೆನ್ನುಮೂಳೆ ತಜ್ಞರಿಗೆ ಈ ವಾರವೇ ತೋರಿಸಿ. ಬೇಗ ತೆಗೆಸಿದರೆ ಬೆನ್ನೂ ಹೆಚ್ಚಾಗಿ ತಾನೇ ನೆಟ್ಟಗಾಗುತ್ತದೆ. ಒಂದೆರಡು ವರ್ಷ ಬಿಟ್ಟರೆ ಬಾಗು ಉಳಿದುಬಿಡಬಹುದು. ಕಾಲಿನ ಬಲ ಕಡಿಮೆಯಾದರೆ ಅಥವಾ ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.